ವೈನಿಯ ಜಪಾನಿ ಪೆಟ್ಟಿಗೆಗಳು

ಚಿಕ್ಕೋಡಿಯಲ್ಲಿ ನಿಪ್ಪಾಣಿಯ ಬಸ್ಸು ಹತ್ತಿ ಕೂತರೆ, ಪಕ್ಕದಲ್ಲಿ ಕೂತವರು ಊರು ದಾಟುವುದರೊಳಗೆ ನಿಮ್ಮ ಹೆಸರು, ಅಡ್ಡಹೆಸರು, ಮಕ್ಕಳ ಮದುವೆಯ ಸ್ಥಿತಿಗತಿ ಎಲ್ಲವನ್ನೂ ತಿಳಿದುಕೊಂಡು ‘ಮನ್ಯಾಗ ಏನ ಮಾಡ್ತೀರಿ?’ ಎಂಬಲ್ಲಿಗೆ ಬಂದಿರುತ್ತಾರೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ ಎಂದರೆ ಅವರಿಗೆ ಅದು ಉತ್ತರವಲ್ಲ. ಅದು ನೌಕರಿ. ಅವರು ಕೇಳುತ್ತಿರುವುದು ಮನೆತನದ ಕಸುಬು. ಕಬ್ಬು, ತಂಬಾಕು, ದ್ರಾಕ್ಷಿ, ಬೆಲ್ಲ, ಇವುಗಳಲ್ಲಿ ಒಂದನ್ನು ಹೇಳಿದರೆ ಅವರು ಸಮಾಧಾನದಿಂದ ಕಿಟಕಿಯ ಕಡೆ ತಿರುಗುತ್ತಾರೆ.

ಮೊನ್ನೆ ಒಬ್ಬ ಹಿರಿಯರು ಹೀಗೆಯೇ ಕೇಳಿದಾಗ ನಾನು ನಿಜವನ್ನೇ ಹೇಳಿದೆ. “ಜಪಾನಿ ಗೇಮ್ ರಿ.”

ಅವರು ಒಂದು ಗಳಿಗೆ ಯೋಚಿಸಿದರು. “ಹೊಸಾ ತಳಿ ಏನ್ರಿ? ಎಕರೇಕ ಎಷ್ಟ ಬೀಳತೈತಿ?”

“ಎಕರೆ ಬೇಕಾಗಿಲ್ರಿ. ಒಂದ ಗೋಡೌನ್ ಇದ್ರ ಸಾಕು.”

“ಹಾಂ, ಅಣಬಿ ಅನ್ರಿ ಮತ್ತ,” ಎಂದರು. “ನಮ್ಮ ಅಳ್ಯಾನೂ ಮಾಡಿದ್ದ. ನಡೀಲಿಲ್ಲ.” ಮುಂದಿನ ದಾರಿಯುದ್ದಕ್ಕೂ ಅವರು ನನ್ನನ್ನು ನೋಡಿದ ನೋಟದಲ್ಲಿ ಅನುಕಂಪವಿತ್ತು.

ಅವರಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ. ನಮ್ಮದು ಅಣಬೆಯಲ್ಲ. ಆಳೆತ್ತರದ ಕಟ್ಟಿಗೆಯ ಪೆಟ್ಟಿಗೆ. ಎದೆಯ ಮಟ್ಟದಲ್ಲಿ ಹಳೆಯ ಟೀವಿಯ ಗಾಜು. ಅದರ ಕೆಳಗೆ ಕೆಂಪು ಗುಂಡಿನ ಒಂದು ಕಡ್ಡಿ, ಒತ್ತಲು ನಾಲ್ಕಾರು ಗುಬ್ಬಿ, ಬಿಲ್ಲೆ ಹಾಕಲು ಒಂದು ಸೀಳು. ಬಿಲ್ಲೆ ಹಾಕಿದರೆ ಗಾಜಿನೊಳಗೆ ಒಂದು ಆಕಾಶದ ಹಡಗು ಹಾರುತ್ತದೆ, ಅಥವಾ ಒಂದು ಕಾರು ಓಡುತ್ತದೆ, ಅಥವಾ ಇಬ್ಬರು ಕಾರಣವಿಲ್ಲದೆ ಹೊಡೆದಾಡುತ್ತಾರೆ. ಒಂದು ಬಿಲ್ಲೆಗೆ ಎರಡು ಮೂರು ‘ಜೀವ’; ಅವು ತೀರಿದರೆ ಆಟ ಮುಗಿಯಿತು. ಜಪಾನಿನ ಆಟದ ಮನೆಗಳಲ್ಲಿ ಒಂದು ಕಾಲದಲ್ಲಿ ದುಡಿದು, ಮುದಿಯಾಗಿ, ಹಡಗು ಹತ್ತಿ ಮುಂಬಯಿಗೆ ಬಂದು, ಗುಜರಿ ಸೇರಿದ ಪೆಟ್ಟಿಗೆಗಳು ಇವು. ಅವನ್ನು ಹುಡುಕಿ ತಂದು, ಜೀವ ಕೊಟ್ಟು, ಆಡಿಸುವುದು, ಬಾಡಿಗೆಗೆ ಕಳಿಸುವುದು, ಮನಸ್ಸಾದರೆ ಮಾರುವುದು ನಮ್ಮ ಮನೆತನದ ಹೊಸ ಕಸುಬು. ಇದರ ಯಜಮಾನಿ ನನ್ನ ಅಣ್ಣನ ಹೆಂಡತಿ, ಸುಮನ್ ವೈನಿ. ಐವತ್ತು ದಾಟಿದ್ದಾರೆ.

ವೈನಿಯ ತವರು ಇಚಲಕರಂಜಿ. ಅವರ ಸೋದರಮಾವ ಅಲ್ಲಿ ಸಿನೆಮಾ ಟಾಕೀಜಿನ ಮಗ್ಗುಲಲ್ಲಿ ವ್ಹಿಡಿಯೋ ಗೇಮಿನ ಅಂಗಡಿ ಇಟ್ಟಿದ್ದರು. ಹುಡುಗಿಯರು ಅಲ್ಲಿಗೆ ಕಾಲಿಡುವ ಕಾಲವಲ್ಲ ಅದು. ಆದರೆ ಮಾಮಾನಿಗೆ ಊಟದ ಡಬ್ಬಿ ಒಯ್ಯುವ ಕೆಲಸ ಈ ಸೋದರಸೊಸೆಯದು. ಮಾಮಾ ಹಿಂದಿನ ಕೋಣೆಯಲ್ಲಿ ಊಟ ಮಾಡುವಷ್ಟು ಹೊತ್ತು ಅವಳು ಮುಂದೆ ಆಡಬಹುದಿತ್ತು. ಹಾಗಾಗಿ ಮಾಮಾ ನಿಧಾನವಾಗಿ ಉಣ್ಣುವುದು ಅವಳಿಗೆ ಬಹಳ ಅಗತ್ಯವಾಗಿತ್ತು. ತಾಯಿಗೆ ಕಾಣದಂತೆ ಡಬ್ಬಿಗೆ ಒಂದು ಭಾಕ್ರಿ ಹೆಚ್ಚು ಹಾಕುತ್ತಿದ್ದಳಂತೆ. ಆಮೇಲೆ ಎರಡು. ಮಾಮಾನ ಹೊಟ್ಟೆ ಮುಂದೆ ಬಂದದ್ದಕ್ಕೆ ಮನೆಯವರೆಲ್ಲ ವ್ಯಾಪಾರದ ಏಳಿಗೆಯೇ ಕಾರಣ ಎಂದುಕೊಂಡಿದ್ದರು.

ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ವೈನಿ ಮದುವೆಯಾಗಿ ನಿಪ್ಪಾಣಿಗೆ ಬಂದರು, ಕನ್ನಡ ಕಲಿತರು, ಬೇಡಕಿಹಾಳದ ಹೊಲಕ್ಕೆ ಬುತ್ತಿ ಕಟ್ಟಿದರು, ಮಗಳನ್ನು ಬೆಳೆಸಿ ಮದುವೆ ಮಾಡಿಕೊಟ್ಟರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದವರ ಒಳಗೆ ಹೀಗೊಂದು ಟಾಕೀಜಿನ ಮಗ್ಗುಲಿನ ಅಂಗಡಿ ದೀಪ ಹಚ್ಚಿಕೊಂಡು ಕಾಯುತ್ತಿತ್ತೆಂದು ಯಾರಿಗೆ ತಿಳಿಯಬೇಕು?

ತಿಳಿದದ್ದು ಕೊಲ್ಹಾಪುರದ ಕಡೆಯ ಒಂದು ಗುಜರಿಯಲ್ಲಿ. ಅಣ್ಣ ಔಷಧ ಹೊಡೆಯುವ ಪಂಪಿಗೆ ಹಳೆಯ ಮೋಟರು ಹುಡುಕಲು ಹೋಗಿದ್ದ. ವೈನಿ ಅಂಬಾಬಾಯಿಯ ದರ್ಶನಕ್ಕೆಂದು ಜೊತೆಗೆ ಹೋಗಿದ್ದರು. ಗುಜರಿಯ ಮೂಲೆಯಲ್ಲಿ, ತಗಡಿನ ರಾಶಿಯ ಹಿಂದೆ, ಒಂದು ಪೆಟ್ಟಿಗೆ ನಿಂತಿತ್ತು. ಮೇಲೆ ಒಂದು ಕೋಳಿ ಕೂತಿತ್ತು. ಮುಂದಿನದನ್ನು ಅಣ್ಣನೇ ಹೇಳಬೇಕು: “ಹಿಂದ ಬರಾಕತ್ತಾಳ ಅಂತ ತಿಳದ್ನಿ. ತಿರುಗಿ ನೋಡಿದ್ರ ಆ ಡಬ್ಬಿ ಮುಂದ ನಿಂತಾಳ. ಕೈ ಎಡಕ್ಕ, ಬಲಕ್ಕ, ಎಡಕ್ಕ, ಬಲಕ್ಕ. ಕಣ್ಣ ಆ ಧೂಳ ಹಿಡದ ಗಾಜಿನ್ಯಾಗ. ದೆವ್ವ ಬಡೀತು ಅಂದ್ನಿ. ಗುಜರಿ ಮಾಲಕ ನೀರ ತಂದ.”

ಅಣ್ಣ ಅಂದು ಮೋಟರು ತರಲಿಲ್ಲ.

ಪೆಟ್ಟಿಗೆ ನಮ್ಮ ಅಂಗಳದಲ್ಲಿ ಇಳಿದಾಗ ಓಣಿಯವರೆಲ್ಲ ಬಂದು ನೋಡಿದರು. ಒಬ್ಬರು ಎಟಿಎಂ ಎಂದರು. ಇನ್ನೊಬ್ಬರು, ಇದು ಮತದಾನದ ಯಂತ್ರ, ಹಳೆಯ ಮಾಡೆಲ್, ಎಂದರು. ವೈನಿ ಮಾತ್ರ ಸೆರಗು ಸಿಕ್ಕಿಸಿಕೊಂಡು ಒರೆಸುತ್ತಿದ್ದರು. ಒರೆಸಿದಂತೆಲ್ಲ ಪಕ್ಕದ ಹಲಗೆಯ ಮೇಲೆ ಬಣ್ಣದ ನಕ್ಷತ್ರಗಳೂ ನಮಗೆ ಅರ್ಥವಾಗದ ಅಕ್ಷರಗಳೂ ಮೂಡಿ ಬಂದವು.

ಈಗ ಇಸಾಕನ ಪ್ರವೇಶ. ಅವನು ಅಣ್ಣನ ಬಾಲ್ಯದ ಗೆಳೆಯ, ಪೇಟೆಯಲ್ಲಿ ಟೀವಿ ರಿಪೇರಿಯವನು. ಟೀವಿಗಳು ಗೋಡೆಗೆ ಅಂಟಿಕೊಳ್ಳುವಷ್ಟು ತೆಳ್ಳಗಾದ ಮೇಲೆ ಅವನ ಅಂಗಡಿಯಲ್ಲಿ ಕೆಲಸ ಕಡಿಮೆಯಾಗಿತ್ತು. ಹಿಂದಿನಿಂದ ಹೊಟ್ಟೆ ಚಾಚಿದ ಹಳೆಯ ಟೀವಿಗಳನ್ನು ಅವನು ಯಾರೂ ಕೇಳದಿದ್ದರೂ ಸರಿಮಾಡಿ, ಸಾಲಾಗಿ ಇಟ್ಟು, ಸಂಜೆ ಎಲ್ಲವನ್ನೂ ಹಚ್ಚಿ ನೋಡುತ್ತಾ ಕೂರುತ್ತಿದ್ದ. ನಮ್ಮ ಪೆಟ್ಟಿಗೆಯ ಹಿಂಬಾಗಿಲು ತೆಗೆದು ಒಳಗಿನ ಗಾಜಿನ ಟ್ಯೂಬು ಕಂಡೊಡನೆ ಅವನು ಎರಡು ಕೈಗಳನ್ನೂ ಒರೆಸಿಕೊಂಡ.

“ಭಾಬಿ,” ಎಂದ, “ಆಟ ನೀವ ಆಡ್ರಿ. ನನಗ ಈ ಟ್ಯೂಬ್ ಹತ್ತಿದ್ರ ಸಾಕು.”

ಹೀಗೆ ಒಂದೇ ಪೆಟ್ಟಿಗೆಯನ್ನು ಇಬ್ಬರು ಎರಡು ಕಡೆಯಿಂದ ಪ್ರೀತಿಸತೊಡಗಿದರು: ಮುಂದಿನಿಂದ ವೈನಿ, ಹಿಂದಿನಿಂದ ಇಸಾಕ್. ಒಳಗೆ ಅಂಟಿಸಿದ್ದ ಜಪಾನಿ ಚೀಟಿಗೆ ಫೋನು ಹಿಡಿದು ಕನ್ನಡ ಮಾಡಿಸಿದಾಗ ‘ಒಳಗೆ ಕೈ ಇಟ್ಟವರು ದುಃಖಕ್ಕೆ ಪಾತ್ರರು’ ಎಂದು ಬಂತು. ಎಷ್ಟು ಗಂಭೀರವಾದ ಎಚ್ಚರಿಕೆ! ಇಸಾಕ್ ಅದನ್ನು ಓದಿ, ಇದಕ್ಕೆ ನಮ್ಮ ಕರೆಂಟು ಹೆಚ್ಚಾಗುತ್ತದೆ, ಜಪಾನಿನಲ್ಲಿ ನಮ್ಮ ಅರ್ಧಕ್ಕಿಂತ ಕಡಿಮೆ ವೋಲ್ಟು, ಟ್ರಾನ್ಸ್‌ಫಾರ್ಮರ್ ತರುತ್ತೇನೆ ಎಂದು ಪೇಟೆಗೆ ಹೋದ. ಅವನು ಬರುವಷ್ಟರಲ್ಲಿ ಅಣ್ಣ, ‘ಹತ್ತತೈತೇನ್ ನೋಡೂಣು’ ಎಂದು ಪ್ಲಗ್ಗು ಚುಚ್ಚಿದ. ಢಬ್ ಎಂದಿತು. ಓಣಿಯ ಕರೆಂಟೂ ಹೋಯಿತು. ಹೊಗೆಯ ನಡುವೆ ನಿಂತ ಅಣ್ಣ, ಅಂದಿನಿಂದ ಈ ವ್ಯವಹಾರದಲ್ಲಿ ಏನನ್ನೂ ಬೇಡವೆನ್ನುವ ಹಕ್ಕು ಕಳೆದುಕೊಂಡ. ಪೆಟ್ಟಿಗೆ ಹೊರುವುದು, ಟೆಂಪೋ ಕರೆಯುವುದು ಇಂದಿಗೂ ಅವನ ಪಾಲಿನ ಕೆಲಸ.

ಸುಟ್ಟದ್ದನ್ನು ಸರಿಮಾಡಲು ಇಸಾಕನಿಗೆ ಒಂದು ಮಳೆಗಾಲ ಹಿಡಿಯಿತು. ಕೊನೆಗೊಂದು ಮಧ್ಯಾಹ್ನ ಗಾಜಿನೊಳಗೆ ಹಸಿರು ಬೆಳಕು ಅರಳಿ, ಸಣ್ಣ ಪುಂಗಿಯಂಥ ದನಿ ಹೊರಟಿತು. ಇಸಾಕ್ ಹಿಂದೆ ಕೂತು ಟ್ಯೂಬನ್ನೇ ನೋಡುತ್ತಿದ್ದ. ವೈನಿ ಮುಂದೆ ನಿಂತು ಕಡ್ಡಿ ಹಿಡಿದರು. ಮೇಲಿನಿಂದ ಇಳಿದು ಬರುವ ಹುಳುಗಳಂಥ ಶತ್ರುಗಳನ್ನು ಅವರು ಹೊಡೆದು ಉರುಳಿಸಿದ ವೇಗಕ್ಕೆ ಅಣ್ಣ ಎರಡು ಹೆಜ್ಜೆ ಹಿಂದೆ ಸರಿದ. “ಇಷ್ಟ ದಿನಾ ನಾ ಇಕೀ ಕೂಡ ಜಗಳಾ ಮಾಡ್ಕೋತ ಬಂದೇನಲ್ಲೋ,” ಎಂದು ನನ್ನ ಕಿವಿಯಲ್ಲಿ ಹೇಳಿದ.

ಒಂದು ಪೆಟ್ಟಿಗೆಗೆ ನಿಂತಿದ್ದರೆ ಅದು ಹುಚ್ಚು. ಐದಾದಾಗ ಅದಕ್ಕೆ ವ್ಯಾಪಾರ ಎನ್ನಬೇಕಾಯಿತು. ನಮ್ಮ ಅಜ್ಜನ ಕಾಲದ ತಂಬಾಕಿನ ಗೋಡೌನ್ ಖಾಲಿ ಬಿದ್ದಿತ್ತು. ಗೋಡೆಗೆ ಸುಣ್ಣ ಬಳಿದು ಐದನ್ನೂ ಅಲ್ಲಿ ನಿಲ್ಲಿಸಿದರು. ಜಪಾನಿ ನಾಣ್ಯದ ಅಳತೆಗೆ ಹಿತ್ತಾಳೆ ಬಿಲ್ಲೆ ಕಡೆಸಿದರು. ಎಷ್ಟು ಸುಣ್ಣ ಬಳಿದರೂ ತಂಬಾಕಿನ ಘಾಟು ಮಾತ್ರ ಹೋಗಲಿಲ್ಲ. ಒಳಗೆ ಬಂದವರು ಮೊದಲು ಸೀನಿ, ಆಮೇಲೆ ಆಡಬೇಕು.

ಆದರೆ ಬಂದವರೇ ಕಡಿಮೆ. ಶಾಲೆಯ ಮಕ್ಕಳು ಬಂದು ಗಾಜಿನ ಮೇಲೆ ಬೆರಳು ಸವರಿ, ‘ಟಚ್ ಆಗವಲ್ತು’ ಎಂದು ಹೊರಟುಹೋದರು. ಕಾಲೇಜಿನ ಹುಡುಗರು ಪೆಟ್ಟಿಗೆಗೆ ಒರಗಿ ಫೋಟೋ ತೆಗೆಸಿಕೊಂಡು, ಅದೇ ಪೆಟ್ಟಿಗೆಗೆ ಒರಗಿಕೊಂಡೇ ತಮ್ಮ ಫೋನಿನಲ್ಲಿ ಬೇರೆ ಆಟ ಆಡಿದರು. ವೈನಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಟಾಣಿ ಸುಲಿಯುತ್ತಾ ರಸ್ತೆ ನೋಡುತ್ತಿದ್ದರು.

ಆ ದಿನಗಳಲ್ಲಿ ನಾನು ಅಲ್ಲಿ ಕೂತು ಯೋಚಿಸಿದ್ದು ‘ಆಟ’ ಎಂಬ ಮಾತಿನ ಬಗ್ಗೆ. ಕನ್ನಡದ ಮೇಷ್ಟರಿಗೆ ಗಿರಾಕಿಯಿಲ್ಲದ ಅಂಗಡಿಗಿಂತ ಒಳ್ಳೆಯ ಗ್ರಂಥಾಲಯ ಬೇರೆ ಇಲ್ಲ. ನೋಡಿ, ನಮ್ಮ ಭಾಷೆ ಬದುಕಿನ ಎಲ್ಲದಕ್ಕೂ ಆಟವನ್ನೇ ಜೋಡಿಸುತ್ತದೆ. ಓಡಾಟ, ಹುಡುಕಾಟ, ಹೋರಾಟ ಸರಿ; ನರಳಾಟ, ಗೋಳಾಟ, ಒದ್ದಾಟ, ಪರದಾಟಗಳೂ ಆಟವೇ! ದುಃಖಕ್ಕೂ ಆಟವೆಂದು ಹೆಸರಿಟ್ಟ ಜನ ಎಂಥ ಗಟ್ಟಿಗರಿರಬೇಕು. ಹಾಗಾದರೆ ವ್ಯಾಪಾರಕ್ಕೆ ಏಕೆ ಆಟವಿಲ್ಲ ಎಂದು ಹುಡುಕಿದೆ. ‘ವಹಿವಾಟು’ ಸಿಕ್ಕಿತು. ಸಿಕ್ಕಿತು ಎಂದು ಕುಣಿದು ವೈನಿಗೆ ಹೇಳಿದರೆ, “ಭಾವೋಜಿ, ವಹಿವಾಟ ನಮ್ಮ ಮರಾಠಿ ಶಬ್ದ. ಅದರಾಗ ನಿಮ್ಮ ಆಟ ಇಲ್ಲ,” ಎಂದು ಬಟಾಣಿ ಸುಲಿಯುವುದನ್ನು ಮುಂದುವರಿಸಿದರು. ಗಡಿನಾಡಿನಲ್ಲಿ ಭಾಷಾಶಾಸ್ತ್ರ ಮಾಡುವುದು ಕಷ್ಟ.

ಅಷ್ಟರಲ್ಲಿ ತಂಬಾಕಿನ ವ್ಯಾಪಾರಿ ಪಾರಿಸಣ್ಣ ಗೋಡೌನನ್ನು ಬಾಡಿಗೆಗೆ ಕೇಳಿದರು. ಅಣ್ಣ ಎಂದೂ ವೈನಿಯ ಮೇಲೆ ದನಿ ಏರಿಸಿದವನಲ್ಲ, ಅಂದೂ ಏರಿಸಲಿಲ್ಲ. ಮೆಲ್ಲಗೆ, “ಉಗಾದಿ ಪಾಡವಾ ತನಕಾ ನೋಡೂಣು. ನಡೀಲಿಲ್ಲಂದ್ರ ಪಾರಿಸಣ್ಣಗ ಕೊಟ್ಟ ಬಿಡೂಣು,” ಎಂದ. ವೈನಿ ಹೂಂ ಎಂದರು. ಆ ಸಂಜೆ ಅವರು ಆಡಲಿಲ್ಲ. ಐದೂ ಪೆಟ್ಟಿಗೆಗಳನ್ನು ಒರೆಸಿ, ದೀಪ ಆರಿಸಿ ಬಂದರು. ಊಟಕ್ಕೆ ಬಡಿಸುವಾಗ ನನ್ನ ತಟ್ಟೆಗೆ ಎರಡು ಸಲ ಉಪ್ಪು ಬಿತ್ತು.

ದಾರಿ ತೋರಿಸಿದ್ದು ಬೀಡಿ ಕಟ್ಟುವ ಹೆಂಗಸರು. ನಮ್ಮ ಗೋಡೌನಿನ ಮುಂದಿನ ರಸ್ತೆಯಲ್ಲಿ ಅವರು ಮಧ್ಯಾಹ್ನ ಕಟ್ಟಿದ ಬೀಡಿ ಒಪ್ಪಿಸಿ, ಹೊಸ ಎಲೆ, ತಂಬಾಕು ಬುಟ್ಟಿಯಲ್ಲಿಟ್ಟುಕೊಂಡು ಮರಳುತ್ತಾರೆ. ಬಾಗಿಲ ಹತ್ತಿರ ಬಂದಾಗ ನಡಿಗೆ ನಿಧಾನವಾಗುತ್ತದೆ, ಒಳಗೆ ಗಂಡು ಹುಡುಗರನ್ನು ಕಂಡು ಮತ್ತೆ ಚುರುಕಾಗುತ್ತದೆ. ಬಟಾಣಿ ಸುಲಿಯುತ್ತಾ ವೈನಿ ಇದನ್ನು ಗಮನಿಸಿದ್ದರು. ಇಚಲಕರಂಜಿಯ ಆ ಹುಡುಗಿಗೆ ಈ ನಡಿಗೆಯ ಅರ್ಥ ಗೊತ್ತಿತ್ತು.

ಮರುದಿನ ನನ್ನಿಂದ ಬೋರ್ಡು ಬರೆಸಿದರು. ನಾನು ‘ಮಹಿಳಾ ಕ್ರೀಡಾ ಸಮಯ’ ಎಂದು ಬರೆಯಲು ಹೊರಟೆ. “ಬ್ಯಾಡ್ರಿ ಭಾವೋಜಿ, ಕಬಡ್ಡಿ ಆಡಸ್ತಾರ ಅಂತ ಓಡಿ ಹೋಗ್ತಾರ,” ಎಂದು ತಡೆದರು. ಕೊನೆಗೆ ಕನ್ನಡದಲ್ಲೂ ಮರಾಠಿಯಲ್ಲೂ ‘ಮಧ್ಯಾಹ್ನ ಹೆಂಗಸರಿಗೆ ಮಾತ್ರ’ ಎಂದಷ್ಟೇ ಬರೆದೆ. ಮೊದಲು ಹೊರಗೆ ಹೋಗಬೇಕಾದವನು ನಾನೇ ಎಂಬುದು ಬರೆದ ಮೇಲೆ ತಿಳಿಯಿತು. ಹಾಗಾಗಿ ಮುಂದಿನದನ್ನು ನಾನು ಗೋಡೌನಿನ ಹಿಂದಿನ ರಿಪೇರಿ ಕೋಣೆಯಲ್ಲಿ, ಇಸಾಕನ ಜೊತೆ ಕೂತು, ಕಿಂಡಿಯಿಂದ ಕೇಳಿ, ಉಳಿದದ್ದನ್ನು ವೈನಿಯಿಂದ ತಿಳಿದವನು.

ಮೊದಲು ಬಂದವಳು ಮಂಗಲಾ ಎಂಬಾಕೆ. ಬುಟ್ಟಿ ಇಳಿಸಿದಳು, ಸೀನಿದಳು, ಸುತ್ತ ನೋಡಿದಳು.

“ಇದರಾಗ ಏನ ಸಿಗತೈತ್ರಿ?”

“ಏನೂ ಸಿಗೂದಿಲ್ಲ,” ಎಂದರು ವೈನಿ.

“ಗೆದ್ರ?”

“ಗೆದ್ರ ಇನ್ನಷ್ಟ ಹೊತ್ತ ಆಡಬಹುದು.”

ಮಂಗಲಾ ಇದನ್ನು ಸ್ವಲ್ಪ ಹೊತ್ತು ತೂಗಿ ನೋಡಿದಳೆಂದು ಕಾಣುತ್ತದೆ. ಆಮೇಲೆ ಬಿಲ್ಲೆ ಬಿದ್ದ ಸದ್ದು ಬಂತು. ಮೊದಲ ಸಲ ಹಡಗು ತಕ್ಷಣ ಸಿಡಿಯಿತು, ಅವಳು ಗೊಳ್ಳೆಂದು ನಕ್ಕಳು. ಎರಡನೆಯ ಸಲ ನಗು ತಡವಾಗಿ ಬಂತು. ಮೂರನೆಯ ಸಲ ನಗುವೇ ಇಲ್ಲ, ಬರೀ ಗುಬ್ಬಿಯ ಟಕಟಕ. ಇಸಾಕ್ ತಂತಿ ಕತ್ತರಿಸುವುದನ್ನು ಬಿಟ್ಟು ಕಿವಿಗೊಟ್ಟ. ಚಿಕ್ಕಂದಿನಿಂದ ಎಲೆ ಮಡಚಿ, ಸುತ್ತಿ, ದಾರ ಬಿಗಿದ ಬೆರಳುಗಳು ಅವು. ಆ ಟಕಟಕಕ್ಕೆ ನಡುವೆ ಉಸಿರೇ ಇರಲಿಲ್ಲ.

ಮರುದಿನ ಮಂಗಲಾಳ ಜೊತೆ ಮೂವರು ಬಂದರು. ವಾರದೊಳಗೆ ಬುಟ್ಟಿಗಳನ್ನು ಇಡಲು ಒಂದು ಹಲಗೆ ಹೊಡೆಸಬೇಕಾಯಿತು. ಆಮೇಲೆ ಬೀಡಿಯವರಷ್ಟೇ ಅಲ್ಲ, ಪೇಟೆಯ ಅಂಗಡಿಕಾರರ ಮನೆಯವರು, ಶಾಲೆ ಬಿಡುವುದನ್ನು ಕಾಯುವ ತಾಯಂದಿರು, ಸಂತೆಗೆ ಬಂದ ಹಳ್ಳಿಯವರು. ಹೊಡೆದಾಡುವ ಆಟದಲ್ಲಿ ಅತ್ತೆ ಸೊಸೆಯರು ಎದುರುಬದುರಾಗುತ್ತಿದ್ದರಂತೆ. ಮನೆಯಲ್ಲಿ ಹೇಳಲಾಗದ್ದೆಲ್ಲ ಅಲ್ಲಿ ಗುಬ್ಬಿ ಒತ್ತಿ ಹೇಳಿ, ನಗುತ್ತಾ ಜೊತೆಯಲ್ಲೇ ಮನೆಗೆ ಹೋಗುತ್ತಿದ್ದರಂತೆ. ಕಿಂಡಿಯ ಈಚೆ ಕೂತ ನಮಗೆ ಆ ನಗುವೇ ಸಾಕಾಗಿತ್ತು. ಗೋಡೌನಿನ ತಗಡು ಅದುರುವಂಥ ನಗು.

ಒಬ್ಬ ಆಯಿ ಬರತೊಡಗಿದ್ದರು. ಜೈನರ ಮನೆಯ ಹಿರಿಯ ಜೀವ, ಬಿಳಿ ಸೀರೆ, ತಲೆತುಂಬ ಸೆರಗು. ಹಡಗಿನ ಆಟ ನೋಡಿ ಅವರು ಮುಖ ತಿರುಗಿಸಿದರು. “ಹುಳಾ ಕೊಲ್ಲೂ ಆಟ ನನಗ ಬ್ಯಾಡವಾ. ಚಿತ್ರದ್ದಾದ್ರೂ ಹುಳಾ ಹುಳಾನ.” ವೈನಿ ಅವರನ್ನು ಬಣ್ಣದ ಗುಳ್ಳೆ ಒಡೆಯುವ ಆಟದ ಮುಂದೆ ಕೂರಿಸಿದರು. ಒಂದೇ ಬಣ್ಣದ ಗುಳ್ಳೆ ಮೂರು ಕೂಡಿಸಿದರೆ ಅವು ಒಡೆಯುತ್ತವೆ. ಆಯಿ ಕನ್ನಡಕ ಏರಿಸಿ ಕೇಳಿದರು: “ಗುಳ್ಳಿ ಒಳಗ ಜೀವ ಇಲ್ಲಲ್ಲಾ?” ಇಲ್ಲವೆಂದು ವೈನಿ ಮಾತು ಕೊಟ್ಟ ಮೇಲೆ ಅವರು ದಿನವೂ ಬಂದರು. ಯಾರ ಮನೆಯವರೆಂದು ಯಾರೂ ಕೇಳಲಿಲ್ಲ.

ಪಾಡವಾ ಹತ್ತಿರ ಬಂತು. ಹೆಂಗಸರು ಬರುತ್ತಿದ್ದರು ನಿಜ, ಆದರೆ ತಂಬಾಕಿನ ಬಾಡಿಗೆಗೆ ಅದು ಸರಿಗಟ್ಟುವುದೆಂದು ಅಣ್ಣನಿಗೆ ಧೈರ್ಯವಿರಲಿಲ್ಲ. ಬೇಡ ಎನ್ನಲೂ ಬಾಯಿಲ್ಲ, ಹೂಂ ಎನ್ನಲೂ ಮನಸ್ಸಿಲ್ಲ. ಹೀಗಿರುವಾಗ ಪಾರಿಸಣ್ಣ ತಾವಾಗಿಯೇ ಗೋಡೌನ್ ಅಳೆಯಲು ಟೇಪು ಹಿಡಿದು ಬಂದರು. ಮಧ್ಯಾಹ್ನದ ಹೊತ್ತು. ಬೋರ್ಡು ಓದದೆ ಒಳಗೆ ನುಗ್ಗಿದರು. ಅಣ್ಣ ಅವರ ಹಿಂದೆ ‘ಸಾವಕಾರ್ರ, ನಿಂದರ್ರಿ’ ಎನ್ನುತ್ತಾ ಓಡಿದ. ಒಳಗಿನ ಟಕಟಕವೆಲ್ಲ ಒಮ್ಮೆಗೇ ನಿಂತಿತು. ಒಂದು ಪೆಟ್ಟಿಗೆಯದು ಮಾತ್ರ ನಿಲ್ಲಲಿಲ್ಲ.

ಪಾರಿಸಣ್ಣ ಆ ಪೆಟ್ಟಿಗೆಯ ಕಡೆ ನೋಡಿದರು. ಅವರ ದನಿ ಇದ್ದಕ್ಕಿದ್ದಂತೆ ಐದನೆಯ ಇಯತ್ತೆಯ ಹುಡುಗನದಾಯಿತು. “ಆಯಿ?”

ಬಿಳಿ ಸೀರೆಯ ಆಯಿ ತಿರುಗಿ ನೋಡಲಿಲ್ಲ. “ಬಂದೀ ಪಾರಿಸಾ? ಥೋಡೆ ನಿಂದ್ರು. ಇನ್ನ ಒಂದ ಜೀವ ಉಳದೈತಿ.”

ತಂಬಾಕಿನ ದೊಡ್ಡ ವ್ಯಾಪಾರಿ, ಕೈಯಲ್ಲಿ ಬಿಚ್ಚಿದ ಟೇಪು ಹಿಡಿದು, ಬುಟ್ಟಿಗಳ ಹಲಗೆಯ ಪಕ್ಕದಲ್ಲಿ ನಿಂತರು. ಆಯಿಯ ಆ ಕೊನೆಯ ಜೀವ ಬಹಳ ಹೊತ್ತು ಬಾಳಿತು. ಗುಳ್ಳೆಗಳು ಒಡೆದಂತೆಲ್ಲ ಹೆಂಗಸರು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹುರಿದುಂಬಿಸಿದರು. ಮೇಲಿನ ಸಾಲು ಪೂರ್ತಿ ಒಡೆದು ಬಿದ್ದಾಗ ಎಲ್ಲರಿಗಿಂತ ಗಟ್ಟಿಯಾಗಿ ‘ಶಾಬಾಸ್!’ ಎಂದು ಕೂಗಿದ ದನಿ ಗಂಡಸಿನದಾಗಿತ್ತು. ಪಾರಿಸಣ್ಣ ಆಮೇಲೆ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, ಅಣ್ಣನಿಗೆ, “ನನಗ ಬ್ಯಾರೆ ಕಡೆ ಗೋಡೌನ್ ಐತಿ ಬಿಡ್ರಿ,” ಎಂದರು. ಹೊರಗೆ ಬಂದು ಗುಟ್ಟಾಗಿ ಇನ್ನೊಂದು ಮಾತು ಸೇರಿಸಿದರು: “ಎರಡ ತಿಂಗಳಾತು, ಆಯಿ ಮನ್ಯಾಗ ಯಾರ ಮ್ಯಾಲೂ ಸಿಟ್ಟ ಮಾಡವಲ್ರು. ಡಾಕ್ಟರ ಗುಳಿಗಿದು ಗುಣಾ ಅಂತ ತಿಳದಿದ್ವಿ.”

ಮನೆಗೇ ಒಂದು ಪೆಟ್ಟಿಗೆ ಕೊಂಡುಕೊಡಲೇ ಎಂದು ಮಗ ಕೇಳಿದ್ದಕ್ಕೆ ಆಯಿ, ‘ಮನ್ಯಾಗ ಆಡಿದ್ರ ನೋಡಾವ್ರ ಯಾರು?’ ಎಂದು ಬೇಡವೆಂದರಂತೆ.

ಪಾಡವಾದ ದಿನ ಅಣ್ಣ ಹೊಲದಿಂದ ಬರುವಾಗ ಬೇವು, ಮಾವಿನೆಲೆ ತಂದು ಗೋಡೌನಿನ ಬಾಗಿಲಿಗೂ ತೋರಣ ಕಟ್ಟಿದ. ಯಾರೂ ಹೇಳಿರಲಿಲ್ಲ. ವೈನಿ ನೋಡಿದರು, ಒಳಗೆ ಹೋಗಿ ಅವನಿಗೊಂದು ಬಿಲ್ಲೆ ತಂದು ಕೊಟ್ಟರು. ಅಣ್ಣ ಆಡಿದ ಮೊದಲ ಆಟ ಅದು. ಕಾರಿನ ಆಟ. ಟ್ರ್ಯಾಕ್ಟರ್ ಹೊಡೆಯುವ ಕೈ, ತಿರುವಿನಲ್ಲೆಲ್ಲ ಬದುವಿಗೆ ಹತ್ತಿಸಿದ.

ಈಗ ವ್ಯವಹಾರ ಹಬ್ಬಿದೆ. ಐನಾಪುರದ ಮದುವೆ, ಮುಗಳಖೋಡದ ಬರ್ತ್‌ಡೇ, ಅಥಣಿಯ ಕಾಲೇಜಿನ ಸಮಾರಂಭ ಎಂದು ಪೆಟ್ಟಿಗೆಗಳು ಟೆಂಪೋದಲ್ಲಿ ತಿರುಗುತ್ತವೆ. ಸಾಂಗಲಿ, ಪುಣೆಯಿಂದ ಇಂಥದೇ ಹುಚ್ಚಿನವರು ತಮ್ಮ ಕೆಟ್ಟ ಪೆಟ್ಟಿಗೆಗಳನ್ನು ಇಸಾಕನ ಹತ್ತಿರ ತರುತ್ತಾರೆ. ಮಾರುವುದು ಮಾತ್ರ ಇನ್ನೂ ಕಷ್ಟ. ಕೊಳ್ಳಲು ಬಂದವರನ್ನು ಇಬ್ಬರೂ ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ. ಟ್ಯೂಬಿನ ಮೇಲೆ ಬಿಸಿಲು ಬೀಳುತ್ತದೆಯೇ ಎಂದು ಇಸಾಕ್, ದಿನಾ ಆಡುವವರು ಯಾರಿದ್ದಾರೆ ಎಂದು ವೈನಿ. ಶೋರೂಮಿನಲ್ಲಿ ಅಂದಕ್ಕೆ ಇಡುತ್ತೇನೆಂದ ಒಬ್ಬರಿಗೆ ಚಹಾ ಕೊಟ್ಟು ಕಳಿಸಿದರು. “ಕನ್ಯಾ ಕೇಳಾಕ ಹೋದಾಗೂ ಇಷ್ಟ ಕೇಳಿದ್ದಿಲ್ರಿ,” ಎನ್ನುತ್ತಾ ಅವರು ಕಾರು ಹತ್ತಿದರು.

ಹಡಗಿನ ಆಟದಲ್ಲಿ ಹೆಚ್ಚು ಅಂಕ ಪಡೆದವರು ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ಹೆಸರು ಬರೆಯಬಹುದು. ಮಂಗಲಾಳಿಗೆ ಮರಾಠಿ ಓದಲು ಬರುತ್ತದೆ, ಇಂಗ್ಲಿಷ್ ಬಾರದು. ಅವಳು ತನಗೆ ಚೆಂದ ಕಂಡದ್ದನ್ನು ಆರಿಸುತ್ತಾಳೆ: ಒಂದು ಬಳೆ, ಒಂದು ಗುಡಿಸಲು, ಮತ್ತೊಂದು ಬಳೆ. ಓ, ಎ, ಓ. ನಿನ್ನ ಹೆಸರಿನ ಅಕ್ಷರ ತೋರಿಸಿಕೊಡುತ್ತೇನೆ ಎಂದು ನನ್ನೊಳಗಿನ ಮೇಷ್ಟರು ಮುಂದಾದಾಗ, “ಇರ್ಲಿ ಬಿಡ್ರಿ ಸರ್, ಆ ಹೆಸರ ಅವ್ವಾ ಅಪ್ಪಾ ಇಟ್ಟದ್ದು. ಇದು ನಾ ಇಟಗೊಂಡದ್ದು,” ಎಂದಳು.

ಕಷ್ಟವೆಂದರೆ ಆ ಹಳೆಯ ಪೆಟ್ಟಿಗೆಗೆ ನೆನಪಿಲ್ಲ. ರಾತ್ರಿ ಬಂದ್ ಮಾಡಿದರೆ ಎಲ್ಲ ಹೆಸರೂ ಅಳಿಸಿಹೋಗುತ್ತವೆ. ಒಳಗೊಂದು ಬ್ಯಾಟರಿ ಕೂರಿಸಿದರೆ ಹೆಸರು ಉಳಿಯುತ್ತದೆ ಎಂದು ಇಸಾಕ್ ಹೇಳಿದ. ನನಗೆ ಬಹಳ ಖುಷಿಯಾಯಿತು. ಬರೆದದ್ದು ಉಳಿಯಬೇಕೆಂಬುದು ನನ್ನ ಕಸುಬಿನವರ ಚಟ. ವೈನಿ ಮಂಗಲಾಳನ್ನು ಕೇಳಿದರು. ಅವಳು ಬುಟ್ಟಿ ಎತ್ತಿಕೊಳ್ಳುತ್ತಾ ಹೇಳಿದಳು: “ಬ್ಯಾಡ್ರಿ ಅಕ್ಕಾ. ಉಳದಬಿಟ್ರ ಮತ್ತ ನಾಳೆ ಯಾಕ ಬರಬೇಕು?”

ಬ್ಯಾಟರಿ ಕೂರಿಸಲಿಲ್ಲ. ಇದರಿಂದ ಲಾಭವಾದದ್ದು ನನಗೆ. ನಾನು ಆ ಹಡಗನ್ನು ಅರ್ಧ ನಿಮಿಷ ಉಳಿಸಿಕೊಂಡರೆ ಹೆಚ್ಚು. ಆದರೆ ರಜೆಯ ದಿನ ಬೆಳಿಗ್ಗೆ, ವೈನಿ ಕಸ ಹೊಡೆಯುವಾಗ, ಖಾಲಿ ಗಾಜಿನ ಮುಂದೆ ನಿಂತು ಒಂದು ಆಟ ಆಡುತ್ತೇನೆ, ಸಾಯುತ್ತೇನೆ, ಮೊದಲನೆಯ ಸ್ಥಾನದಲ್ಲಿ ನನ್ನ ಹೆಸರು ಬರೆಯುತ್ತೇನೆ. ಮಧ್ಯಾಹ್ನದವರೆಗೆ ನಿಪ್ಪಾಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆಮೇಲೆ ಕಿಂಡಿಯ ಈಚೆ ಹೋಗಿ ಕೂರುತ್ತೇನೆ. ಬುಟ್ಟಿ ಇಳಿಸುವ ಸದ್ದು, ಒಂದು ಸೀನು. “ಇವತ್ತ ಸರ್ ಬಂದಾರ ಕಾಣತೈತಿ,” ಎಂದು ಮಂಗಲಾ ಗೌರವದಿಂದ ಹೇಳುವುದು ಕೇಳಿಸುತ್ತದೆ. ಆಮೇಲೆ ಬಿಲ್ಲೆ ಬೀಳುತ್ತದೆ, ಟಕಟಕ ಶುರುವಾಗುತ್ತದೆ, ಮತ್ತು ನಾನು ಇಸಾಕನ ಪಕ್ಕದಲ್ಲಿ ಕೂತು, ಚಹಾ ಕುಡಿಯುತ್ತಾ, ಹೆಸರುಗಳ ಪಟ್ಟಿಯಲ್ಲಿ ಸಾವಕಾಶವಾಗಿ ಕೆಳಗಿಳಿಯುತ್ತಾ ಹೋಗುತ್ತೇನೆ.